ಮಾಲೆ ಹಾಕಿ ಬಿಡುವುದೋ, ಆಸ್ಪತ್ರೆಗೆ ಹೋಗುವುದೋ?

ಬದಿಯಡ್ಕ: ನವೆಂಬರ್ ನಡುವಿಗೆ ವೃಶ್ಚಿಕ ಮಾಸ ಹುಟ್ಟಿತೆಂದರೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಬಗೆಯ ನೆಮ್ಮದಿ. ಗಂಡಸರು ಅಯ್ಯಪ್ಪನ ಮಾಲೆ ಹಾಕುತ್ತಾರೆ, ಕಪ್ಪು ಉಡುತ್ತಾರೆ. ನಸುಕಿಗೆ ತಣ್ಣೀರ ಸ್ನಾನ, ಸಂಜೆ ಭಜನಾ ಮಂದಿರದಲ್ಲಿ ಶರಣು ಕೂಗುವುದು. ವರ್ಷದ ಉಳಿದ ದಿನ ಗಡಂಗಿನ ಹಾದಿ ಹಿಡಿಯುತ್ತಿದ್ದವರು 41 ದಿನ ಆ ಕಡೆ ಸುಳಿಯುವುದಿಲ್ಲ. 'ವರ್ಷವಿಡೀ ಮಾಲೆಯಲ್ಲೇ ಇರುವುದಕ್ಕೆ ಆಗುವುದಿಲ್ಲವಾ?' ಎಂದು ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ ಕೇಳುವ ಹೆಂಗಸರಿದ್ದಾರೆ. ಮಲೆ ಇಳಿದು, ಮಾಲೆ ತೆಗೆದು, ಮನೆಗೆ ಬರುವ ದಾರಿಯಲ್ಲೇ ಕೆಲವರ ವ್ರತವೂ ಮುಗಿಯುತ್ತದೆ. ಆದರೂ ಆ 41 ದಿನ ಸುಳ್ಳಲ್ಲ. ಅವರು ನಿಜವಾಗಿಯೂ ಕುಡಿಯದೆ ಇದ್ದರು.

ಹಾಗಾದರೆ ಬಿಡಬೇಕೆಂದು ಮನಸ್ಸು ಮಾಡಿದರೆ ಯಾರು ಬೇಕಾದರೂ ಬಿಡಬಹುದು, ಡಾಕ್ಟರು ಎಂತಕ್ಕೆ, ಆಸ್ಪತ್ರೆ ಎಂತಕ್ಕೆ? ಕಾಸರಗೋಡಿನ ಕನ್ನಡ ಮನೆಗಳಲ್ಲಿ ಈ ಮಾತು ದಿನಾ ನಡೆಯುತ್ತದೆ. ಗಂಡ 'ನಾನೇ ಬಿಡ್ತೇನೆ' ಎನ್ನುತ್ತಾನೆ, ಹೆಂಡತಿ 'ಎಲ್ಲಿಗಾದರೂ ಸೇರಿಸುವ' ಎನ್ನುತ್ತಾಳೆ, ಅತ್ತೆಗೆ ಊರಿಗೆ ಗೊತ್ತಾದೀತೆಂಬ ಹೆದರಿಕೆ. ಇದಕ್ಕೆ ಉತ್ತರ ಹುಡುಕುವ ಮೊದಲು ನಮ್ಮ ಮನೆಯಲ್ಲೇ ಆದ ಒಂದು ಸಂಗತಿ ಹೇಳಬೇಕು.

ಎರಡನೇ ದಿನದ ಸಂಜೆ

ನನ್ನ ದೊಡ್ಡಮ್ಮನ ಮಗ, ನನಗಿಂತ ಆರು ವರ್ಷ ದೊಡ್ಡವನು. ಅಡಿಕೆ ತೋಟ, ಸ್ವಲ್ಪ ತೆಂಗು. ಕುಡಿತ ಮೊದಲು ಶನಿವಾರಕ್ಕೆ, ಮತ್ತೆ ದಿನಾ ಸಂಜೆಗೆ, ಕೊನೆಗೆ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ. ಬೆಳಿಗ್ಗೆ ಒಂದು ಹಾಕದಿದ್ದರೆ ಕೈ ನಡುಗಿ ಕಾಫಿ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಅದನ್ನು ನಾವೆಲ್ಲ 'ನರ ದೌರ್ಬಲ್ಯ' ಎಂದುಕೊಂಡಿದ್ದೆವು. ಒಂದು ವೃಶ್ಚಿಕದಲ್ಲಿ ಅವನೇ ಮನಸ್ಸು ಮಾಡಿ ಮಾಲೆ ಹಾಕಿದ. ದೊಡ್ಡಮ್ಮ ಕಣ್ಣೀರು ಹಾಕಿದರು, ಸಂತೋಷಕ್ಕೆ.

ಅಂದು ರಾತ್ರಿ ನಿದ್ದೆ ಇಲ್ಲ, ಬೆವರು, ವಾಂತಿ. 'ಒಗ್ಗಿದ ಶರೀರ, ಎರಡು ದಿನದಲ್ಲಿ ಸರಿಯಾಗುತ್ತದೆ' ಎಂದು ಮಜ್ಜಿಗೆ ನೀರು ಕೊಟ್ಟರು. ಮಾರನೆಯ ಸಂಜೆ ಅಂಗಳದಲ್ಲಿ ದಪ್ಪೆಂದು ಬಿದ್ದ. ಕೈಕಾಲು ಸೆಟೆದು ಬಾಯಲ್ಲಿ ನೊರೆ. ಯಾರೋ ಕೈಗೆ ಕಬ್ಬಿಣ ಕೊಟ್ಟರು, ಇನ್ನಾರೋ ವ್ರತದಲ್ಲಿ ಏನೋ ತಪ್ಪಿದೆ, ಸ್ವಾಮಿಗೆ ಮುನಿಸು ಎಂದರು. ಹತ್ತಿರದ ಚಿಕಿತ್ಸಾಲಯವೊಂದರಲ್ಲಿ ಗ್ಲುಕೋಸ್ ಬಾಟಲಿ ಹಾಕಿ, ಸುಸ್ತು ಎಂದು ಕಳಿಸಿದರು. ಮೂರನೇ ರಾತ್ರಿ ಗೋಡೆ ತುಂಬ ಇರುವೆ ಹರಿಯುತ್ತಿದೆ ಎಂದು ಗೋಡೆ ಒರೆಸಲು ಶುರು ಮಾಡಿದ. ತಂದೆ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು, ಅವರೊಡನೆ ಮಾತಾಡುತ್ತಿದ್ದ. ಜೀಪು ಮಾಡಿ ಮಂಗಳೂರಿಗೆ ಹೊತ್ತುಕೊಂಡು ಹೋದೆವು. ವಾರ್ಡಿನಲ್ಲಿ ಎಳೆಯ ಡಾಕ್ಟರೊಬ್ಬರು ಕೇಳಿದ ಮೊದಲ ಪ್ರಶ್ನೆ: 'ಕೊನೆಯ ಬಾರಿ ಕುಡಿದದ್ದು ಯಾವಾಗ?' ಜೀಪಿನಲ್ಲಿದ್ದ ನಾವು ಐದು ಜನ ಮುಖ ಮುಖ ನೋಡಿಕೊಂಡೆವು. ಕುಡಿದು ಕಾಯಿಲೆ ಬರುತ್ತದೆ ಎಂದು ಗೊತ್ತಿತ್ತು, ಬಿಟ್ಟು ಬರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಶರೀರದೊಳಗೆ ಆಗುವುದೇನು?

ಮದ್ಯ ಮೆದುಳನ್ನು ಮಂಕು ಮಾಡುವ ವಸ್ತು. ವರ್ಷಗಟ್ಟಲೆ ದಿನಾ ಕುಡಿದರೆ ಮೆದುಳು ಅದಕ್ಕೆ ಎದುರಾಗಿ ತನ್ನ ವೇಗ ಏರಿಸಿಕೊಂಡು ಸಮತೋಲ ಕಾಯುತ್ತದೆ. ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ತುಳಿದು ಬಸ್ಸು ಓಡಿಸಿದ ಹಾಗೆ. ಒಮ್ಮೆಲೇ ಮದ್ಯ ನಿಂತರೆ ಬ್ರೇಕ್ ಬಿಟ್ಟಂತೆ, ಬಸ್ಸು ನುಗ್ಗುತ್ತದೆ. ಕೊನೆಯ ಗ್ಲಾಸಿನ ಬಳಿಕ ಆರೆಂಟು ಗಂಟೆಗೆ ನಡುಕ, ಬೆವರು, ಎದೆ ಬಡಿತ. ಅಪಸ್ಮಾರದಂತಹ ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ ಮೊದಲ ಎರಡು ದಿನಗಳೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಗೊಂದಲ, ಭ್ರಮೆ, ಜ್ವರ, ಇಲ್ಲದ್ದು ಕಾಣುವುದು. ಈ ಕೊನೆಯದನ್ನು ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಬಿಟ್ಟವರಿಗೆಲ್ಲ ಇದು ಬರುವುದಿಲ್ಲ, ಬರುವುದು ಸಣ್ಣ ಪಾಲಿಗೆ. ಆದರೆ ಬಂದು ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗುವ ಕಾಯಿಲೆ. ಆಸ್ಪತ್ರೆಯಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್ ಜಾತಿಯ ಔಷಧಿಯನ್ನು ಅಳತೆ ನೋಡಿ ಕೊಟ್ಟು, ದಿನದಿಂದ ದಿನಕ್ಕೆ ಇಳಿಸುತ್ತಾರೆ. ಒಂದು ವಾರ, ಹತ್ತು ದಿನದ ಕೆಲಸ.

ಗ್ಲುಕೋಸ್ ಬಾಟಲಿಯ ವಿಷಯವನ್ನೂ ಹೇಳಿಬಿಡುತ್ತೇನೆ. ವಿಪರೀತ ಕುಡಿಯುವವರಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಮೆದುಳಿಗೆ ಹಾನಿಯಾಗುವ ಅಪಾಯ ಹೆಚ್ಚುತ್ತದೆ. ಕಣ್ಣು ಓಲಾಡುವುದು, ನಡಿಗೆ ತಪ್ಪುವುದು, ಮುಂದೆ ನೆನಪೇ ನಿಲ್ಲದಂತಾಗುವುದು. ಎಲ್ಲಿಗೆ ಹೋದರೂ 'ಇವರು ಕುಡಿಯುವವರು, ನಿನ್ನೆಯಿಂದ ನಿಲ್ಲಿಸಿದ್ದಾರೆ' ಎಂಬ ಒಂದು ಮಾತನ್ನು ಮರ್ಯಾದೆಗೆ ಅಂಜಿ ಮುಚ್ಚಿಡಬಾರದು ಎನ್ನುವುದು ಇದಕ್ಕೇ.

ಲಾಕ್‌ಡೌನ್ ಕಲಿಸಿದ್ದು

ಇದೆಲ್ಲ ಒಂದಿಬ್ಬರ ಕತೆ ಎನ್ನುವವರು 2020ರ ಮಾರ್ಚ್ ಕೊನೆಯ ವಾರವನ್ನು ನೆನಪು ಮಾಡಿಕೊಳ್ಳಬೇಕು. ಕೊರೊನಾದಿಂದಾಗಿ ಕೇರಳದ ಬಾರು, ಮದ್ಯದಂಗಡಿ ಎಲ್ಲ ಒಂದೇ ಏಟಿಗೆ ಮುಚ್ಚಿದವು. ಮೊದಲ ಕೆಲವು ದಿನಗಳಲ್ಲೇ ಮದ್ಯ ಸಿಗದೆ ಆತ್ಮಹತ್ಯೆ ಮಾಡಿಕೊಂಡವರ ಸುದ್ದಿ ಒಂದರ ಹಿಂದೆ ಒಂದು ಬಂತು. ಮಾರ್ಚ್ 30ರಂದು ಸರಕಾರ, ವೈದ್ಯರ ಚೀಟಿ ತಂದವರಿಗೆ ಅಬಕಾರಿ ಇಲಾಖೆಯಿಂದ ಮದ್ಯ ಕೊಡಬಹುದೆಂದು ಆದೇಶ ಹೊರಡಿಸಿತು. ಕುಡಿತವನ್ನು ಔಷಧಿ ಎಂದು ಬರೆದುಕೊಡಲು ನಮ್ಮಿಂದಾಗದು ಎಂದು ವೈದ್ಯರು ಕಪ್ಪುಪಟ್ಟಿ ಕಟ್ಟಿ ಪ್ರತಿಭಟಿಸಿದರು. ಏಪ್ರಿಲ್ 2ರಂದು ಹೈಕೋರ್ಟು ಆದೇಶಕ್ಕೆ ತಡೆ ನೀಡಿತು. ವೈದ್ಯರ ಮಾತಿನ ತಿರುಳು ಇಷ್ಟೆ: ನಡುಗುವವನಿಗೆ ಬೇಕಾದದ್ದು ಮದ್ಯದ ಚೀಟಿಯಲ್ಲ, ಚಿಕಿತ್ಸೆ.

ಅದೇ ದಿನಗಳಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿತ್ತು. ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡ ನಮಗೆ ಆಂಬುಲೆನ್ಸ್ ಹಿಂದೆ ತಿರುಗಿದ ಆ ದಿನಗಳು ಮರೆಯುವಂತಹದ್ದಲ್ಲ. ಕುಡಿತ ತಪ್ಪಿ ಒದ್ದಾಡಿದವರ ಕಷ್ಟ ಆ ಗದ್ದಲದಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಕಾನೂನಿನಿಂದ ಬಾಟಲಿ ನಿಲ್ಲಿಸುವ ಪ್ರಯತ್ನ ನಮ್ಮ ಎರಡೂ ಕಡೆ ಆಗಿದೆ. ಕೇರಳದಲ್ಲಿ 1996ರಲ್ಲಿ ಚಾರಾಯ ನಿಷೇಧವಾಯಿತು, ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ. ಆದರೂ ಕರ್ನಾಟಕದ ಪ್ಯಾಕೆಟು ಮದ್ಯ ಗಡಿ ದಾಟಿ ಬರುವುದು, ಅಬಕಾರಿಯವರು ಹಿಡಿಯುವುದು ನಮ್ಮ ಪತ್ರಿಕೆಯ ಖಾಯಂ ಸುದ್ದಿ. ಅದು ಬೇರೆ ಕತೆ, ಇರಲಿ.

ಯಾರು ಮನೆಯಲ್ಲೇ ಬಿಡಬಹುದು?

ತಾವೇ ಬಿಟ್ಟವರು ಇಲ್ಲವೆಂದಲ್ಲ, ಬೇಕಾದಷ್ಟು ಉಂಟು. ಅಮೆರಿಕದಲ್ಲಿ 2001-02ರಲ್ಲಿ 43 ಸಾವಿರ ಜನರನ್ನು ವಿಚಾರಿಸಿದ ದೊಡ್ಡ ಸಮೀಕ್ಷೆಯೊಂದರಲ್ಲಿ, ಹಿಂದೆ ಮದ್ಯದ ದಾಸರಾಗಿದ್ದವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಪೂರ್ತಿ ಚೇತರಿಸಿಕೊಂಡಿದ್ದರು. ಆದರೆ ಆ ದಾಸರ ಪೈಕಿ ಯಾವತ್ತಾದರೂ ಚಿಕಿತ್ಸೆ ಪಡೆದಿದ್ದವರು ಕಾಲು ಭಾಗ ಮಾತ್ರ. ಮದುವೆ, ಮಗು ಹುಟ್ಟಿದ್ದು, ಕೆಲಸ ಹೋದೀತೆಂಬ ಹೆದರಿಕೆ, ಒಂದು ಹರಕೆ, ಯಾವುದೋ ಒಂದು ನೆಪ ಸಾಕಾಗುತ್ತದೆ. ಧರ್ಮಸ್ಥಳದಲ್ಲಿ, ದೈವದ ಮುಂದೆ ಆಣೆ ಹಾಕಿ ಬಿಟ್ಟವರನ್ನು ನಾನೇ ಕಂಡಿದ್ದೇನೆ. ಅದನ್ನು ಹೀಗಳೆಯುವ ಡಾಕ್ಟರರ ಮಾತು ನನಗೆ ಹಿಡಿಸುವುದಿಲ್ಲ.

ಆದರೆ ಆಣೆ ಇಡುವ ಮೊದಲು ಮನೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಬೆಳಿಗ್ಗೆ ಎದ್ದ ಕೂಡಲೇ ಕುಡಿತ ಬೇಕಾ? ಒಂದು ಹೊತ್ತು ತಪ್ಪಿದರೆ ಕೈ ನಡುಗುತ್ತದಾ? ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಭ್ರಮೆ ಬಂದದ್ದುಂಟಾ? ಇದರಲ್ಲಿ ಒಂದಕ್ಕೆ ಹೌದು ಎಂದರೂ ಒಮ್ಮೆಲೇ ನಿಲ್ಲಿಸುವುದು ಬೇಡ, ಮೊದಲು ವೈದ್ಯರನ್ನು ಕಾಣಬೇಕು. ಈಗಾಗಲೇ ನಿಲ್ಲಿಸಿ ನಡುಗುತ್ತಿದ್ದರೆ ಅದೇ ದಿನ. ಫಿಟ್ಸ್ ಬಂದರೆ, ಇಲ್ಲದ್ದು ಕಾಣತೊಡಗಿದರೆ ಅದೇ ಗಂಟೆ. ಸಕ್ಕರೆ ಕಾಯಿಲೆ, ಕಾಮಾಲೆ, ರಕ್ತವಾಂತಿ, ಪ್ರಾಯ ಸಂದವರು, ಸಾಯುವ ಮಾತಾಡುವವರು, ನಿದ್ದೆ ಮಾತ್ರೆಯನ್ನೂ ನುಂಗುವವರು, ಇವರೆಲ್ಲ ಇದೇ ಸಾಲಿಗೆ.

ವೈದ್ಯರನ್ನು ಕಾಣುವುದೆಂದರೆ ಆಸ್ಪತ್ರೆಯಲ್ಲಿ ಮಲಗಲೇಬೇಕೆಂದಲ್ಲ. ಕಾಯಿಲೆ ಹಗುರವಾಗಿದ್ದು, ಮನೆಯಲ್ಲಿ ಜೊತೆಗೆ ಒಬ್ಬರಿದ್ದು, ದಿನಾ ಹೋಗಿ ತೋರಿಸಲು ಸಾಧ್ಯವಿದ್ದರೆ ಮನೆಯಲ್ಲೇ ಮಾತ್ರೆ ತೆಗೆದುಕೊಂಡು ಬಿಡುವ ಕ್ರಮವೂ ಉಂಟು. ಆ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ಅಂದಾಜಿಗೆ ತಂದು ಕೊಡುವುದು ಮಾತ್ರ ಆಗದು, ಅದರ ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು.

ಬೀಡಿ, ಹೊಗೆಸೊಪ್ಪಿನ ಲೆಕ್ಕ ಬೇರೆ. ಅದನ್ನು ಇಂದೇ ನಿಲ್ಲಿಸಿದರೂ ಸಿಡುಕು ಬಂದೀತು, ಜೀವಕ್ಕೇನೂ ಆಗದು. ಇನ್ನು ಈಚೆಗೆ ಹುಡುಗರ ಕೈಯಲ್ಲಿ ಸಿಕ್ಕಿಬೀಳುತ್ತಿರುವ ಎಂಡಿಎಂಎ ಹೆಸರಿನ ಪುಡಿ, ಗಾಂಜಾ: ಇಲ್ಲಿ ಬಿಟ್ಟಾಗಿನ ಫಿಟ್ಸಿಗಿಂತ ಮನಸ್ಸಿನ ವಿಕಾರ, ಸಂಶಯ, ಖಿನ್ನತೆಯದ್ದೇ ಭಯ. ಹೊಡೆದು ಬಡಿದು ಕೋಣೆಯಲ್ಲಿ ಕೂಡಿಹಾಕಿದರೆ ಹುಡುಗ ಸರಿಯಾಗುವುದಿಲ್ಲ.

ಗುಟ್ಟಾಗಿ ಹಾಕುವ ಮದ್ದು

'ಕುಡುಕರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ' ಎಂಬ ಜಾಹೀರಾತು ನೋಡದವರು ಯಾರು? ಚಹಾದಲ್ಲಿ, ಸಾಂಬಾರಿನಲ್ಲಿ ಪುಡಿ ಬೆರೆಸಿ ಕೊಟ್ಟ ಹೆಂಡತಿಯರು, ತಾಯಂದಿರು ನಮ್ಮ ನಡುವೆ ಬಹಳ. ಅವರನ್ನು ಬೈಯಲು ಮನಸ್ಸಾಗುವುದಿಲ್ಲ, ಬೇರೆ ದಾರಿ ಯಾರು ತೋರಿಸಿದ್ದರು? ಆದರೆ ಪುಡಿಯಲ್ಲಿ ಏನಿದೆ ಎಂದು ಗೊತ್ತಿಲ್ಲ. ಡೈಸಲ್ಫಿರಾಮ್ ಎಂಬ ನಿಜವಾದ ಔಷಧಿ ಒಂದುಂಟು. ಅದನ್ನು ತೆಗೆದುಕೊಂಡವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಗೊತ್ತಿದ್ದು, ಒಪ್ಪಿ, ಕಡೆಗೆ ಕುಡಿದು ಹನ್ನೆರಡು ಗಂಟೆಯಾದರೂ ಕಳೆದ ಮೇಲೆ ಶುರು ಮಾಡಿದರೆ ಮಾತ್ರ ಅದು ಮದ್ದು. ಗೊತ್ತಿಲ್ಲದವನಿಗೆ ಹಾಕಿದರೆ ಅವನು ಎಂದಿನಂತೆ ಕುಡಿಯುತ್ತಾನೆ, ಅಲ್ಲಿ ಹೃದಯ ನಿಲ್ಲಲೂಬಹುದು. ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್ ಎಂಬ ಬೇರೆ ಔಷಧಿಗಳೂ ಈಗ ಇವೆ. ಅವು ಹೆದರಿಸುವ ಜಾತಿಯವಲ್ಲ, ಆಸೆಯನ್ನು ತಗ್ಗಿಸುವಂತಹವು. ಯಾರಿಗೆ ಯಾವುದು ಎನ್ನುವುದು ಲಿವರ್, ಕಿಡ್ನಿಯ ಪರೀಕ್ಷೆ ನೋಡಿ ವೈದ್ಯರು ಹೇಳಬೇಕಾದ್ದು.

ಶಿಬಿರ, ಸಭೆ

ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರ ನಮ್ಮವರಿಗೆ ಹೊಸತಲ್ಲ, ಗಡಿಯ ಈಚೆಗೂ ನಡೆದಿವೆ. ಊರಿನ ಸಭಾಭವನ, ಬೆಳಿಗ್ಗೆ ಯೋಗ, ಭಜನೆ, ಕುಡಿತ ಬಿಟ್ಟವರ ಮಾತು, ಕೊನೆಗೆ ಹೆಂಡತಿ ಮಕ್ಕಳನ್ನು ಕರೆಸಿ ಎಲ್ಲರೆದುರು ಕಣ್ಣೀರು. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಎಂದು ವಾರ ವಾರ ಸೇರುವ ಏರ್ಪಾಡು ಇದೆಯಲ್ಲ, ನನ್ನ ಲೆಕ್ಕದಲ್ಲಿ ಅದೇ ಅದರ ಜೀವಾಳ. ಭಾಷೆ ನಮ್ಮದು, ಜನ ನಮ್ಮವರು, ಖರ್ಚೂ ಕಡಿಮೆ. ಆದರೆ ಬೆಳಿಗ್ಗೆಯೇ ಕುಡಿಯುವ, ನಡುಗುವ ಮನುಷ್ಯನನ್ನು ನೇರ ಚಾಪೆಯ ಮೇಲೆ ಕೂರಿಸುವ ಮೊದಲು ಅಲ್ಲಿ ವೈದ್ಯರು ಇದ್ದಾರಾ, ರಾತ್ರಿ ಇರುತ್ತಾರಾ ಎಂದು ಕೇಳುವುದು ಮನೆಯವರ ಹಕ್ಕು.

ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ 1935ರಲ್ಲಿ ಅಮೆರಿಕದ ಅಕ್ರನ್ ಎಂಬ ಪಟ್ಟಣದಲ್ಲಿ ಇಬ್ಬರು ಕುಡುಕರು ಸೇರಿ ಹುಟ್ಟುಹಾಕಿದ್ದು. ಒಬ್ಬರು ಷೇರು ವ್ಯವಹಾರದವರು, ಮತ್ತೊಬ್ಬರು ಸ್ವತಃ ಶಸ್ತ್ರಚಿಕಿತ್ಸಕರು. ಡಾಕ್ಟರು ಬೇಡ, ನಾವು ನಾವೇ ಸಾಕು ಎನ್ನುವವರು ಈ ಕೂಟದ ಹೆಸರು ಹೇಳುವುದುಂಟು. ಆದರೆ ಆ ಮೊದಲನೆಯವರು, ಬಿಲ್ ವಿಲ್ಸನ್, ಕೊನೆಯ ಬಾರಿ ಕುಡಿತ ನಿಲ್ಲಿಸಿದ್ದು 1934ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯ ಹಾಸಿಗೆಯಲ್ಲಿ, ಅದೂ ನಾಲ್ಕನೇ ಸಲ ಸೇರಿದಾಗ. ಮೊದಲ ವಾರ ಆಸ್ಪತ್ರೆ, ಮುಂದಿನ ವರ್ಷಗಳು ಜೊತೆಗಾರರ ಸಭೆ. ಎರಡಕ್ಕೂ ಜಗಳವಿಲ್ಲ. 2020ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಪೂರ್ತಿ ಕುಡಿಯದೆ ಉಳಿಯುವುದರಲ್ಲಿ ಇಂತಹ ಸಭೆಗಳಿಗೆ ಹಚ್ಚುವ ಕ್ರಮ ಬೇರೆ ಮಾನಸಿಕ ಚಿಕಿತ್ಸೆಗಳಿಗಿಂತ ಕಡಿಮೆಯಿಲ್ಲ, ಹೆಚ್ಚೇ ಎಂದು ಹೇಳಿದೆ.

ನನ್ನ ಅಣ್ಣನ ಕತೆಯೂ ಹಾಗೇ. ಆಸ್ಪತ್ರೆಯಿಂದ ಹತ್ತು ದಿನಕ್ಕೆ ಬಂದ. ನಾಲ್ಕು ತಿಂಗಳು ಚೆನ್ನಾಗಿದ್ದ, ಒಂದು ಮದುವೆ ಮನೆಯಲ್ಲಿ ಮತ್ತೆ ಶುರು. 'ಅಷ್ಟು ದುಡ್ಡು ಸುರಿದು ಎಂತ ಆಯಿತು?' ಎಂದು ನಾವೆಲ್ಲ ಬೈದೆವು. ಹತ್ತು ದಿನದ ಚಿಕಿತ್ಸೆ ನಡುಕಕ್ಕೆ ಮಾತ್ರ, ಕುಡಿತಕ್ಕೆ ಅದು ಆರಂಭ ಎಂದು ಹೊರಡುವಾಗಲೇ ಹೇಳಿದ್ದರು. ತಿಂಗಳಿಗೊಮ್ಮೆ ಬನ್ನಿ ಎಂದಿದ್ದರು, ನಾವೇ ಹೋಗಲಿಲ್ಲ. ಎರಡನೇ ಸಲ ಮಾತ್ರೆಯೂ ಬಿಡಲಿಲ್ಲ, ವಾರದ ಸಭೆಯೂ ತಪ್ಪಲಿಲ್ಲ. ಅತ್ತಿಗೆ ಮೂರು ತಿಂಗಳು ಜೊತೆಗೆ ಹೋಗಿ ಹೊರಗೆ ಬೆಂಚಿನಲ್ಲಿ ಕೂತಿದ್ದರು.

ಎಲ್ಲಿಗೆ, ಯಾವ ಭಾಷೆಯಲ್ಲಿ?

ಕೇಂದ್ರ ಸರಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯದ ದಾಸರಾದ 38 ಜನರಲ್ಲಿ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಅಂತಹವರು ದೇಶದಲ್ಲಿ ಸುಮಾರು 2.9 ಕೋಟಿ. ನಮ್ಮ ಗಡಿ ಪಂಚಾಯತುಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಕೇರಳ ಸರಕಾರದ ವಿಮುಕ್ತಿ ಯೋಜನೆಯಲ್ಲಿ ಜಿಲ್ಲೆಗೆ ಇರುವ ಕೇಂದ್ರ ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿ. ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆಯವರಿಗೆ ಅದಕ್ಕಿಂತ ಮಂಗಳೂರು ಹತ್ತಿರ. ದೂರವಾದರೂ ತೊಂದರೆಯಿಲ್ಲ, ಮಾತಿನದ್ದೇ ತೊಂದರೆ. ಈ ಚಿಕಿತ್ಸೆಯಲ್ಲಿ ಅರ್ಧ ಭಾಗ ಮಾತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತ ಅರುವತ್ತರ ಮನುಷ್ಯ ತನ್ನ ನಾಚಿಕೆ, ದುಃಖವನ್ನು ಪೇಟೆಯ ಮಲೆಯಾಳದಲ್ಲಿ ಹೇಗೆ ಹೇಳಿಯಾನು? ಸಿಬ್ಬಂದಿ ಒಳ್ಳೆಯವರೇ, ಆದರೆ ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಬರುವುದು ಆಪ್ತಸಮಾಲೋಚನೆ ಅಲ್ಲ. ಕನ್ನಡ ಬಲ್ಲ ಸಲಹೆಗಾರರನ್ನು ನೇಮಿಸಿ ಎಂದು ನಮ್ಮ ಪಂಚಾಯತು ಸದಸ್ಯರು ಒತ್ತಾಯಿಸಬೇಕಾದ ವಿಷಯ ಇದು. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ಬರೀ ಶಾಲೆ, ಅರ್ಜಿ ಫಾರಂ ಅಲ್ಲ.

ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ, ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮಾನಸಿಕ ವಿಭಾಗಗಳಿವೆ. ಕೇರಳದ ಚಿಕಿತ್ಸಾ ಕಾರ್ಡು ಅಲ್ಲಿ ನಡೆಯುತ್ತದಾ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಖಾಸಗಿ 'ಸೆಂಟರ್'ಗಳ ವಿಷಯದಲ್ಲಿ ಎಚ್ಚರ ಬೇಕು. ಮನೆಗೆ ವ್ಯಾನು ಕಳಿಸಿ ಎತ್ತಿಕೊಂಡು ಹೋಗುತ್ತೇವೆ, ಮೂರು ತಿಂಗಳು ನೋಡಲು ಬರಬೇಡಿ ಎನ್ನುವ ಕಡೆ ಸೇರಿಸಲೇಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ತೊಂದರೆಗೂ ಅನ್ವಯಿಸುತ್ತದೆ. ಅದರ ಪ್ರಕಾರ ಕೇಂದ್ರ ನೋಂದಣಿಯಾಗಿರಬೇಕು, ರೋಗಿಯನ್ನು ಸರಪಳಿಯಲ್ಲಿ ಕಟ್ಟುವಂತಿಲ್ಲ, ಫೋನು, ಭೇಟಿ ಅವನ ಹಕ್ಕು. ನೋಂದಣಿ ಪತ್ರ ತೋರಿಸಿ ಎಂದು ಕೇಳಿದರೆ ಸಿಟ್ಟಾಗುವವರಿಂದ ದೂರವಿರುವುದೇ ಲೇಸು.

ಹೋಗುವ ಮೊದಲು ಫೋನಿನಲ್ಲಿ ಕೇಳುವುದಿದ್ದರೆ ಟೆಲಿ ಮಾನಸ್ 14416. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ಕನ್ನಡವನ್ನೂ ಆರಿಸಿಕೊಳ್ಳಬಹುದು, ದುಡ್ಡಿಲ್ಲ. ವಿಮುಕ್ತಿಯ ಸಂಖ್ಯೆ 14405, ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಕುಡಿಯುವವನು ಒಪ್ಪದಿದ್ದರೂ ಮನೆಯವರೇ ಫೋನು ಮಾಡಬಹುದು. ಆಸ್ಪತ್ರೆಗೆ ಹೊರಡುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಬೇರೆ ಯಾವ ಮಾತ್ರೆ, ಹಿಂದೆ ಫಿಟ್ಸ್ ಬಂದಿತ್ತಾ, ಕೊನೆಯ ಬಾರಿ ಕುಡಿದದ್ದು ಯಾವ ದಿನ, ಎಷ್ಟು ಗಂಟೆಗೆ.